ಪ್ರೋಗ್ರಾಮರ್‌ಗೆ ಸರ್ಟಿಫಿಕೇಶನ್ ಬೇಕಾ? ಅದನ್ನು ಯಾರು ನೋಡುತ್ತಾರೆ ಅನ್ನೋದರಲ್ಲಿದೆ ಉತ್ತರ

2025ರ ಸೆಪ್ಟೆಂಬರ್‌ನಲ್ಲಿ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತಾನೂ ಸರ್ಟಿಫಿಕೇಟ್ ಕೊಡುವುದಾಗಿ ಹೇಳಿತು. ಕೆಲಸದಲ್ಲಿ ಎಐ ಬಳಸಲು ಬರುತ್ತದೆ ಎಂದು ತೋರಿಸುವ ಸರ್ಟಿಫಿಕೇಟ್ ಅದು. 2030ರೊಳಗೆ ಅಮೆರಿಕದ 1 ಕೋಟಿ ಜನರಿಗೆ ಅದನ್ನು ಕೊಡುವುದು ಕಂಪನಿಯ ಗುರಿ. ಅದಕ್ಕೂ ಮುಂಚೆ, 2024ರಲ್ಲಿ, ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ಜಾಲತಾಣ ಗಿಟ್‌ಹಬ್ ತನ್ನ ಪರೀಕ್ಷೆಗಳನ್ನು ಎಲ್ಲರಿಗೂ ತೆರೆದಿತ್ತು. ಅಮೆಜಾನ್‌ನ ಕ್ಲೌಡ್ ಕಂಪನಿ, ಅಂದರೆ ಇಂಟರ್‌ನೆಟ್ ಮೂಲಕ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುವ ಎಡಬ್ಲ್ಯುಎಸ್ ಕೂಡ ಅದೇ ವರ್ಷ ಎಐಗೆ ಅಂತಲೇ ಹೊಸ ಪರೀಕ್ಷೆ ಶುರು ಮಾಡಿತು. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಅದು ಡೇಟಾಬೇಸ್, ಡೇಟಾ ಅನಲಿಟಿಕ್ಸ್, ಎಸ್‌ಎಪಿ (ಕಂಪನಿಗಳ ವ್ಯವಹಾರ ನಡೆಸುವ ಸಾಫ್ಟ್‌ವೇರ್) ಎಂಬ ಮೂರು ವಿಷಯಗಳ ಪರೀಕ್ಷೆಗಳನ್ನು ನಿಲ್ಲಿಸಿತ್ತು.

ಒಂದು ಕಡೆ ಹೊಸ ಪರೀಕ್ಷೆಗಳು ಬರುತ್ತಲೇ ಇವೆ. ಇನ್ನೊಂದು ಕಡೆ, ರಾತ್ರಿ ಕೂತು ಓದಿ ಪಾಸಾದ ಪರೀಕ್ಷೆಗಳೇ ಕಣ್ಮುಂದೆ ಮುಚ್ಚಿಹೋಗುತ್ತಿವೆ. ಕೆಲಸ ಕೊಡುವವರು 'ನಮಗೆ ಕಾಗದ ಬೇಡ, ಕೌಶಲ ಬೇಕು' ಅನ್ನುತ್ತಾರೆ. ಅವರದೇ ಜಾಹೀರಾತಿನಲ್ಲಿ 'ಸರ್ಟಿಫಿಕೇಶನ್ ಇದ್ದರೆ ಆದ್ಯತೆ' ಎಂಬ ಸಾಲೂ ಇರುತ್ತದೆ. ಇದನ್ನೆಲ್ಲ ನೋಡಿದವರಿಗೆ ಗೊಂದಲ ಆಗುವುದು ಸಹಜವೇ ಅಲ್ವಾ?

ಗೊಂದಲ ಕಡಿಮೆಯಾಗಬೇಕಾದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಬೇಕು. 'ಸರ್ಟಿಫಿಕೇಶನ್‌ನಿಂದ ಲಾಭ ಇದೆಯಾ' ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರ ಮಾತೂ ಸರಿ ಅನ್ನಿಸುತ್ತದೆ. 'ಅದನ್ನು ಯಾರು ನೋಡುತ್ತಾರೆ, ನೋಡಿ ಏನು ನಿರ್ಧಾರ ಮಾಡುತ್ತಾರೆ' ಎಂದು ಕೇಳಿದರೆ ಚಿತ್ರ ಬೇಗ ತಿಳಿಯಾಗುತ್ತದೆ. ನಿಮ್ಮ ಕೆಲಸವನ್ನು ನೋಡಿರದವರ ಮುಂದೆ ಸರ್ಟಿಫಿಕೇಟ್‌ಗೆ ಬೆಲೆ ಜಾಸ್ತಿ. ನೋಡಿದವರ ಮುಂದೆ ಕಡಿಮೆ. ಕೆಲಸ ಸಿಗುವ ಮುಂಚೆ ನಿಮ್ಮನ್ನು ಅಳೆಯುವವರು ಮೊದಲ ಗುಂಪಿನವರು. ಪ್ರಮೋಷನ್ ಕೊಡುವವರು ಎರಡನೇ ಗುಂಪಿನವರು. ಬಾಕಿ ಎಲ್ಲ ವಿವರಗಳೂ ಇದರಿಂದಲೇ ಹೊರಡುತ್ತವೆ.

ಪ್ರೋಗ್ರಾಮಿಂಗ್‌ಗೆ ಲೈಸೆನ್ಸ್ ಯಾಕೆ ಬರಲಿಲ್ಲ

ವೈದ್ಯರಿಗೆ, ವಕೀಲರಿಗೆ ಲೈಸೆನ್ಸ್ ಇಲ್ಲದೆ ಕೆಲಸ ಮಾಡುವಂತಿಲ್ಲ. ಪ್ರೋಗ್ರಾಮರ್‌ಗೆ ಅಂಥ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ತರಲು ಯಾರೂ ಪ್ರಯತ್ನಿಸಲಿಲ್ಲ ಅಂತಲ್ಲ. 1998ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಸಾಫ್ಟ್‌ವೇರ್ ಎಂಜಿನಿಯರಿಂಗನ್ನೂ ಲೈಸೆನ್ಸ್ ಕೊಡಬಹುದಾದ ಎಂಜಿನಿಯರಿಂಗ್ ಶಾಖೆ ಎಂದು ಒಪ್ಪಿತು. ಮರುವರ್ಷವೇ, 1999ರಲ್ಲಿ, ಕಂಪ್ಯೂಟರ್ ಕ್ಷೇತ್ರದ ದೊಡ್ಡ ಸಂಘವಾದ ಎಸಿಎಂ ಇದನ್ನು ವಿರೋಧಿಸಿತು. ಈ ಕ್ಷೇತ್ರ ಇನ್ನೂ ಅಷ್ಟು ಗಟ್ಟಿಯಾಗಿಲ್ಲ, ಲೈಸೆನ್ಸ್ ಕೊಟ್ಟ ಮಾತ್ರಕ್ಕೆ ಸಾಫ್ಟ್‌ವೇರ್‌ನ ಗುಣಮಟ್ಟ ಹೆಚ್ಚುವುದಿಲ್ಲ ಎಂಬುದು ಅದರ ನಿಲುವು.

ಆಮೇಲೂ ಪ್ರಯತ್ನ ನಡೆಯಿತು. ಅಮೆರಿಕದಲ್ಲಿ ಎಂಜಿನಿಯರ್‌ಗಳ ಲೈಸೆನ್ಸ್ ಪರೀಕ್ಷೆ ನಡೆಸುವ ಎನ್‌ಸಿಇಇಎಸ್ ಸಂಸ್ಥೆ 2013ರಲ್ಲಿ ಸಾಫ್ಟ್‌ವೇರ್‌ಗೆ ಅಂತಲೇ ಒಂದು ಪರೀಕ್ಷೆ ಶುರು ಮಾಡಿತು. 2018ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಪ್ರಕಟಿಸಿದಾಗ, ಅಲ್ಲಿಯವರೆಗೆ ಐದು ಬಾರಿ ನಡೆದ ಪರೀಕ್ಷೆಗೆ ಕೂತವರು ಒಟ್ಟು 81 ಜನ ಮಾತ್ರ. 2019ರ ಏಪ್ರಿಲ್ ಅದರ ಕೊನೆಯ ಸುತ್ತು. ಕಾರಣ ಸರಳವಾಗಿದೆ. ಆ ಲೈಸೆನ್ಸ್ ಇಲ್ಲದಿದ್ದರೂ ಕೆಲಸ ಸಿಗುತ್ತಿತ್ತು. ಇದ್ದರೂ ಯಾರೂ ಕೇಳುತ್ತಿರಲಿಲ್ಲ. ಪರೀಕ್ಷೆ ಎಷ್ಟೇ ಚೆನ್ನಾಗಿರಲಿ, ಫಲಿತಾಂಶವನ್ನು ಕೇಳಿ ನೋಡುವವರೇ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.

ಖಾಲಿ ಜಾಗಕ್ಕೆ ಕಂಪನಿಗಳು ಬಂದವು

ಸರ್ಕಾರವೂ ವೃತ್ತಿ ಸಂಘಗಳೂ ತುಂಬದ ಜಾಗವನ್ನು ಸಾಫ್ಟ್‌ವೇರ್, ಹಾರ್ಡ್‌ವೇರ್ ಮಾರುವ ಕಂಪನಿಗಳು ತುಂಬಿದವು. 1980ರ ದಶಕದ ಕೊನೆಯಲ್ಲಿ ನೆಟ್‌ವರ್ಕ್ ಸಾಫ್ಟ್‌ವೇರ್ ಮಾರುತ್ತಿದ್ದ ನೊವೆಲ್ ಈ ದಾರಿ ತೋರಿಸಿತು. 1992ರಲ್ಲಿ ಮೈಕ್ರೋಸಾಫ್ಟ್, 1993ರಲ್ಲಿ ನೆಟ್‌ವರ್ಕ್ ಉಪಕರಣ ಮಾರುವ ಸಿಸ್ಕೋ, 1999ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕೊಡುವ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಇ ಪರೀಕ್ಷೆಗಳು ಬಂದವು. ಜಾವಾ ಭಾಷೆ ರೂಪಿಸಿದ ಸನ್ ಕಂಪನಿಯ ಪರೀಕ್ಷೆ, 2010ರಲ್ಲಿ ಸನ್ ಅನ್ನು ಕೊಂಡುಕೊಂಡ ಒರಾಕಲ್‌ನ ಹೆಸರಿಗೆ ಬದಲಾಯಿತು. ಎಡಬ್ಲ್ಯುಎಸ್‌ನ ಪರೀಕ್ಷೆ 2013ರಲ್ಲಿ, ಅನೇಕ ಸರ್ವರ್‌ಗಳಲ್ಲಿ ಅಪ್ಲಿಕೇಶನ್ ನಡೆಸುವ ಸಾಧನವಾದ ಕುಬರ್ನೆಟಿಸ್‌ನ ಸಿಕೆಎ ಪರೀಕ್ಷೆ 2017ರಲ್ಲಿ ಶುರುವಾದವು.

ಕಂಪನಿಗಳು ಇದಕ್ಕೆ ಇಷ್ಟೊಂದು ಶ್ರಮ ಹಾಕುವುದು ಯಾಕೆ? ಒಂದು ತಂತ್ರಜ್ಞಾನ ಬಲ್ಲವರು ಜಾಸ್ತಿ ಸಿಕ್ಕಷ್ಟೂ ಅದನ್ನು ಕೊಳ್ಳುವ ಗ್ರಾಹಕರಿಗೆ ಧೈರ್ಯ ಬರುತ್ತದೆ. 'ಇದನ್ನು ತೆಗೆದುಕೊಂಡರೆ ನಡೆಸಲು ಜನ ಸಿಗುತ್ತಾರಾ' ಎಂಬ ಅನುಮಾನ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆಗಳು ಕಲಿಕೆಯ ಸಾಧನವೂ ಹೌದು, ಮಾರಾಟದ ಸಾಧನವೂ ಹೌದು. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ಪರೀಕ್ಷೆಗೆ ಓದುವವರು ಒಂದು ವಿಷಯ ನೆನಪಿಡಬೇಕು. ಕ್ಲೌಡ್ ಕಂಪನಿಯ ಪರೀಕ್ಷೆ, ಆ ಕಂಪನಿಯ ಹತ್ತಾರು ಸೇವೆಗಳಲ್ಲಿ ಈ ಸಂದರ್ಭಕ್ಕೆ ಯಾವುದು ಸರಿ ಎಂದು ಕೇಳುತ್ತದೆ. ಬೇರೆಯವರು ಬರೆದ ಹಳೆಯ ಕೋಡ್ ಓದಿ ತಪ್ಪು ಹುಡುಕುವುದು, ಗ್ರಾಹಕರು ಸ್ಪಷ್ಟವಾಗಿ ಹೇಳದ್ದನ್ನು ಕೇಳಿ ತಿಳಿಯುವುದು, ಯಾವ ಫೀಚರ್ ಕಟ್ಟುವುದೇ ಬೇಡ ಎಂದು ತೀರ್ಮಾನಿಸುವುದು ಇಂಥ ಪರೀಕ್ಷೆಯಲ್ಲಿ ಬರುವುದಿಲ್ಲ. ಪ್ರೋಗ್ರಾಮರ್‌ನ ದಿನದ ಬಹುಪಾಲು ಹೋಗುವುದು ಮಾತ್ರ ಇವುಗಳಲ್ಲೇ.

ಪರೀಕ್ಷೆಯ ವಿಷಯ ಮತ್ತು ಕೆಲಸದ ವಿಷಯ ಎಷ್ಟು ಹತ್ತಿರ ಇವೆ ಎಂಬುದರಿಂದಲೇ ಕ್ಷೇತ್ರಗಳ ನಡುವಿನ ವ್ಯತ್ಯಾಸ ಹುಟ್ಟುತ್ತದೆ. ನೆಟ್‌ವರ್ಕ್ ನಡೆಸುವವರ, ಸರ್ವರ್ ನೋಡಿಕೊಳ್ಳುವವರ ಕೆಲಸದಲ್ಲಿ ನಿರ್ದಿಷ್ಟ ಉತ್ಪನ್ನದ ಜ್ಞಾನಕ್ಕೆ ದೊಡ್ಡ ಪಾಲಿದೆ. ಅಲ್ಲಿ ಸರ್ಟಿಫಿಕೇಶನ್‌ಗೆ ಮೊದಲಿನಿಂದಲೂ ಮರ್ಯಾದೆ ಇದೆ. ಅಪ್ಲಿಕೇಶನ್ ಬರೆಯುವವರ ಕೆಲಸದಲ್ಲಿ ಆ ಪಾಲು ಚಿಕ್ಕದು, ಮರ್ಯಾದೆಯೂ ಅಷ್ಟಕ್ಕಷ್ಟೆ.

ಸರ್ಟಿಫಿಕೇಟ್‌ಗೆ ಬೆಲೆ ಬರುವುದು ಎಲ್ಲಿಂದ

ಇದನ್ನು ಅರ್ಥಮಾಡಿಕೊಳ್ಳಲು ಅರ್ಥಶಾಸ್ತ್ರದ ಒಂದು ಹಳೆಯ ವಿಚಾರ ನೆರವಾಗುತ್ತದೆ. 1973ರಲ್ಲಿ ಮೈಕಲ್ ಸ್ಪೆನ್ಸ್ ಕೆಲಸದ ಮಾರುಕಟ್ಟೆಯಲ್ಲಿ 'ಸಿಗ್ನಲ್' ಹೇಗೆ ನಡೆಯುತ್ತದೆ ಎಂದು ವಿವರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದರ ಹಿಂದೆಯೂ ಈ ಕೆಲಸ ಇದೆ. ಅವರ ವಾದ ಹೀಗೆ ಸಾಗುತ್ತದೆ. ಕೆಲಸ ಕೊಡುವವರಿಗೆ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ಕಾಣುವುದಿಲ್ಲ. ಆದ್ದರಿಂದ ಕಾಣುವಂಥ ಒಂದು ಗುರುತನ್ನು ಹುಡುಕುತ್ತಾರೆ. ಆ ಗುರುತಿಗೆ ಅರ್ಥ ಇರಬೇಕಾದರೆ, ಸಮರ್ಥರಿಗೆ ಅದನ್ನು ಪಡೆಯುವುದು ಸುಲಭವಾಗಿರಬೇಕು, ಅಲ್ಲದವರಿಗೆ ಕಷ್ಟವಾಗಿರಬೇಕು. ಎಲ್ಲರಿಗೂ ಒಂದೇ ಖರ್ಚಿನಲ್ಲಿ ಸಿಗುವಂತಾದರೆ ಗುರುತು ಯಾರನ್ನೂ ಬೇರೆ ಮಾಡಿ ತೋರಿಸುವುದಿಲ್ಲ.

ಈ ಮಾತು ನಿಜ ಎಂದು ತೋರಿಸಿದ್ದು, ವಿಂಡೋಸ್ ಸರ್ವರ್ ನೋಡಿಕೊಳ್ಳುವವರಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಎಂಸಿಎಸ್‌ಇ ಸರ್ಟಿಫಿಕೇಟ್‌ನ ಕತೆ. 1990ರ ದಶಕದ ಕೊನೆಯಲ್ಲಿ ವಿಂಡೋಸ್ ಎನ್‌ಟಿ ಎಲ್ಲ ಕಚೇರಿಗಳಿಗೆ ನುಗ್ಗಿತು. ನೋಡಿಕೊಳ್ಳಲು ಜನ ಸಾಲಲಿಲ್ಲ. ಎಂಸಿಎಸ್‌ಇ ಇದ್ದವರಿಗೆ ಬೇಡಿಕೆ ಏರಿತು. ಬೇಡಿಕೆ ಏರಿದ್ದರಿಂದ ಕೆಲವೇ ವಾರಗಳಲ್ಲಿ ಪಾಸು ಮಾಡಿಸುವ ತರಬೇತಿಗಳು ಹುಟ್ಟಿಕೊಂಡವು. ಅದರ ಹಿಂದೆಯೇ 'ಡಂಪ್ಸ್' ಬಂದವು. ಅಂದರೆ, ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಉತ್ತರದ ಸಮೇತ ಮಾರುವುದು. ಅಮೆರಿಕದಲ್ಲಿ ಈ ರೀತಿ ಪ್ರಶ್ನೆ ಮಾರಿದ ಪ್ರಕರಣವೊಂದು 2002ರಲ್ಲಿ ಕೋರ್ಟಿಗೂ ಹೋಗಿ, ಆರೋಪಿ ತಪ್ಪು ಒಪ್ಪಿಕೊಳ್ಳುವುದರಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ 'ಪೇಪರ್ ಎಂಸಿಎಸ್‌ಇ' ಎಂಬ ಮಾತೇ ಚಾಲ್ತಿಗೆ ಬಂದಿತ್ತು. ಕಾಗದ ಇದೆ, ಸರ್ವರ್ ಮುಂದೆ ಕೂರಿಸಿದರೆ ಏನೂ ಗೊತ್ತಿಲ್ಲ ಎಂದು ಅದರ ಅರ್ಥ.

ಇಲ್ಲಿ ನಿಜವಾಗಿ ನಷ್ಟ ಆದದ್ದು ಪ್ರಾಮಾಣಿಕವಾಗಿ ಓದಿ ಪಾಸಾದವರಿಗೆ. ಕದ್ದ ಪ್ರಶ್ನೆಗಳಿಂದ ಪಾಸಾದವರ ಸರ್ಟಿಫಿಕೇಟೂ ಇವರ ಸರ್ಟಿಫಿಕೇಟೂ ನೋಡಲು ಒಂದೇ ಥರ. ನೋಡುವವರಿಗೆ ವ್ಯತ್ಯಾಸ ತಿಳಿಯದಿದ್ದಾಗ ಇಬ್ಬರನ್ನೂ ಅನುಮಾನದಿಂದಲೇ ನೋಡುತ್ತಾರೆ. ಡಂಪ್ಸ್ ಕೊಳ್ಳುವುದು ಬರೀ ತನ್ನ ಮಟ್ಟಿಗಿನ ಸಣ್ಣ ತಪ್ಪು ಎಂದು ತಿಳಿಯುವವರು ಈ ಪರಿಣಾಮವನ್ನು ಗಮನಿಸಬೇಕು. ಮೈಕ್ರೋಸಾಫ್ಟ್ ಎಂಸಿಎಸ್‌ಇಯನ್ನು 2021ರ ಜನವರಿಯಲ್ಲಿ ಪೂರ್ತಿ ನಿಲ್ಲಿಸಿ, ಮುಖ್ಯವಾಗಿ ಹುದ್ದೆಗೆ ತಕ್ಕ ಪರೀಕ್ಷೆಗಳತ್ತ ತಿರುಗಿತು.

ಅದೇ ಕಾಲದ ಸಿಸ್ಕೋದ ಸಿಸಿಐಇ ಎಂಬ ನೆಟ್‌ವರ್ಕ್ ಸರ್ಟಿಫಿಕೇಶನ್‌ಗೆ ಆ ಗತಿ ಬರಲಿಲ್ಲ. ಅದರಲ್ಲಿ ಎಂಟು ಗಂಟೆಯ ಲ್ಯಾಬ್ ಪರೀಕ್ಷೆ ಇದೆ. ಉಪಕರಣಗಳನ್ನು ತಾವೇ ಜೋಡಿಸಿ ಸರಿಯಾಗಿ ನಡೆಯುವಂತೆ ಮಾಡಿ ತೋರಿಸಬೇಕು. ಉತ್ತರ ಬಾಯಿಪಾಠ ಮಾಡಿ ಅಲ್ಲಿ ದಾಟುವುದು ಬಹಳ ಕಷ್ಟ. ರೆಡ್ ಹ್ಯಾಟ್ ಕೂಡ ನಿಜವಾದ ಲಿನಕ್ಸ್ ಯಂತ್ರದ ಮೇಲೆ ಕೆಲಸ ಮಾಡಿಸಿಯೇ ಅಂಕ ಕೊಡುತ್ತದೆ. ಸಿಕೆಎಯಲ್ಲಿ ಎರಡು ಗಂಟೆ ಕಮಾಂಡ್ ಲೈನ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಪರದೆ, ಮುಂದೆ ಕೂರಬೇಕು, ಕುಬರ್ನೆಟಿಸ್‌ನ ಅಧಿಕೃತ ಡಾಕ್ಯುಮೆಂಟೇಶನ್ ತೆರೆದು ನೋಡಬಹುದು. ನೋಡಲು ಬಿಟ್ಟರೂ ಕಷ್ಟವಾಗುತ್ತದೆ ಅನ್ನೋದೇ ಅದರ ಗಟ್ಟಿತನ. ಸೆಕ್ಯುರಿಟಿ ಕ್ಷೇತ್ರದ ಒಎಸ್‌ಸಿಪಿಯಲ್ಲಿ ಸುಮಾರು ಒಂದು ದಿನ ಪೂರ್ತಿ, ಪರೀಕ್ಷೆಗೆಂದೇ ಇಟ್ಟ ಯಂತ್ರಗಳ ಭದ್ರತೆಯನ್ನು ಭೇದಿಸಬೇಕು, ಆಮೇಲೆ ಇನ್ನೊಂದು ದಿನದೊಳಗೆ ವರದಿ ಬರೆದು ಕೊಡಬೇಕು.

ನೋಡುವವರು ನಾಲ್ಕು ಥರ

ಮೊದಲನೆಯವರು ರೆಸ್ಯೂಮೆ ಆರಿಸುವವರು. ಒಂದು ಹುದ್ದೆಗೆ ನೂರಾರು ಅರ್ಜಿ ಬಂದಾಗ ಎಲ್ಲವನ್ನೂ ಕೂಲಂಕಷವಾಗಿ ಓದಲು ಅವರಿಗೆ ಸಮಯ ಇರುವುದಿಲ್ಲ. ಅವರಲ್ಲಿ ಅನೇಕರು ಕೋಡ್ ಬರೆಯುವವರಲ್ಲ. ಗಿಟ್‌ಹಬ್‌ನಲ್ಲಿರುವ ಪ್ರಾಜೆಕ್ಟ್ ಒಳ್ಳೆಯದಾ ಕೆಟ್ಟದಾ ಎಂದು ಅವರಿಗೆ ಹೇಳಲು ಬರುವುದಿಲ್ಲ. ಹುದ್ದೆಯ ವಿವರದಲ್ಲಿರುವ ಹೆಸರು ರೆಸ್ಯೂಮೆಯಲ್ಲಿ ಇದೆಯಾ ಎಂದು ನೋಡಬಲ್ಲರು. ಇಲ್ಲಿ ಸರ್ಟಿಫಿಕೇಟ್ ನಿಮ್ಮನ್ನು ಇಂಟರ್‌ವ್ಯೂವರೆಗೆ ಮುಟ್ಟಿಸಬಹುದು. ಅನುಭವ ಇಲ್ಲದವರಿಗೆ, ಬೇರೆ ಕ್ಷೇತ್ರದಿಂದ ಬರುವವರಿಗೆ, ಹೆಸರುವಾಸಿ ಕಾಲೇಜಿನಲ್ಲಿ ಓದದವರಿಗೆ ಇದು ಸಣ್ಣ ಲಾಭವಲ್ಲ.

ಎರಡನೆಯವರು ಸರ್ವಿಸ್ ಕಂಪನಿಗಳು. ಅವರ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ, ಆದರೆ ಈ ಮಾರುಕಟ್ಟೆಯನ್ನು ತಳ್ಳುತ್ತಿರುವುದರಲ್ಲಿ ಅವರ ಪಾಲು ದೊಡ್ಡದು. ಗ್ರಾಹಕರಿಗಾಗಿ ಸಾಫ್ಟ್‌ವೇರ್ ಕಟ್ಟಿಕೊಡುವ ಸರ್ವಿಸ್ ಕಂಪನಿಗಳು ಕ್ಲೌಡ್ ಕಂಪನಿಗಳ ಜೊತೆ 'ಪಾರ್ಟ್ನರ್' ಆಗಿರುತ್ತವೆ. ಎಡಬ್ಲ್ಯುಎಸ್‌ನಲ್ಲಿ ಸೆಲೆಕ್ಟ್, ಅಡ್ವಾನ್ಸ್ಡ್, ಪ್ರೀಮಿಯರ್ ಎಂಬ ದರ್ಜೆಗಳಿವೆ. ಮೇಲಿನ ದರ್ಜೆ ಬೇಕಾದರೆ ಕಂಪನಿಯಲ್ಲಿ ಇಂತಿಷ್ಟು ಜನ ಸರ್ಟಿಫೈಡ್ ಇರಲೇಬೇಕು. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಲ್ಲಿ ತನ್ನ ಹಳೆಯ ಗೋಲ್ಡ್, ಸಿಲ್ವರ್ ದರ್ಜೆಗಳನ್ನು ತೆಗೆದು 100 ಅಂಕದ ಲೆಕ್ಕ ತಂದಿತು. ಅದರಲ್ಲಿ ಕನಿಷ್ಠ 70 ಬರಬೇಕು, ನೌಕರರ ಸರ್ಟಿಫಿಕೇಶನ್‌ಗೂ ಅಂಕ ಇದೆ. ದರ್ಜೆ ಮೇಲೇರಿದರೆ ಕಂಪನಿಗೆ ರಿಯಾಯಿತಿ ಸಿಗುತ್ತದೆ, ಹೊಸ ಗ್ರಾಹಕರು ಸಿಗುತ್ತಾರೆ, ಟೆಂಡರ್‌ನಲ್ಲಿ ಹೇಳಿಕೊಳ್ಳಲು ಒಂದು ಹೆಸರು ಸಿಗುತ್ತದೆ. ವರ್ಷದ ಗುರಿಯಲ್ಲಿ 'ಒಂದು ಸರ್ಟಿಫಿಕೇಶನ್ ಮಾಡಲೇಬೇಕು' ಎಂದು ಮ್ಯಾನೇಜರ್ ಬರೆಸುವುದರ ಹಿಂದೆ ಅನೇಕ ಸಲ ಇರುವುದು ಈ ಲೆಕ್ಕವೇ.

ಇಂಥ ಕಂಪನಿಯಲ್ಲಿ ಇರುವವರಿಗೆ ಸರ್ಟಿಫಿಕೇಶನ್‌ನಿಂದ ನಿಜವಾದ ಪ್ರಯೋಜನ ಇದೆ. ಯಾವ ಪ್ರಾಜೆಕ್ಟಿಗೆ ಯಾರನ್ನು ಹಾಕಬೇಕು ಎನ್ನುವಾಗ ಗ್ರಾಹಕರಿಗೆ ತೋರಿಸಲು ಸುಲಭವಾಗುತ್ತದೆ. ಒಳ್ಳೆಯ ಪ್ರಾಜೆಕ್ಟ್ ಸಿಕ್ಕರೆ ಒಳ್ಳೆಯ ಅನುಭವ ಬರುತ್ತದೆ. ಆ ಅನುಭವ ಮುಂದಿನ ಪ್ರಮೋಷನ್‌ಗೆ ದಾರಿಯಾಗುತ್ತದೆ. ಆದರೆ ಸರಪಳಿಯ ಒಂದೊಂದು ಕೊಂಡಿಯನ್ನೂ ಬಿಡಿಸಿ ನೋಡಿ. ಪ್ರಮೋಷನ್ ತಂದುಕೊಟ್ಟದ್ದು ಆ ಪ್ರಾಜೆಕ್ಟ್‌ನಲ್ಲಿ ಮಾಡಿದ ಕೆಲಸ. ಸರ್ಟಿಫಿಕೇಟ್ ಮಾಡಿದ್ದು ಆ ಪ್ರಾಜೆಕ್ಟಿಗೆ ಸೇರಿಸುವ ಕೆಲಸ ಮಾತ್ರ. ಇದೇ ಪ್ರೋಗ್ರಾಮರ್ ತನ್ನದೇ ಉತ್ಪನ್ನ ಕಟ್ಟುವ ಕಂಪನಿಗೆ ಹೋದರೆ ಅಲ್ಲಿ ಪಾರ್ಟ್ನರ್ ಲೆಕ್ಕ ಇರುವುದಿಲ್ಲ. ಅದೇ ಕಾಗದಕ್ಕೆ ಅಲ್ಲಿ ಬೆಲೆ ಇಳಿಯುತ್ತದೆ.

ಮೂರನೆಯದು ನಿಯಮ. ಅಮೆರಿಕದ ರಕ್ಷಣಾ ಇಲಾಖೆ 2005ರಿಂದ ತನ್ನ ಮಾಹಿತಿ ಭದ್ರತೆಯ ಕೆಲಸಗಳಿಗೆ ಸೆಕ್ಯುರಿಟಿ ಪ್ಲಸ್, ಸಿಐಎಸ್‌ಎಸ್‌ಪಿಯಂಥ ಸರ್ಟಿಫಿಕೇಶನ್‌ಗಳನ್ನು ಕಡ್ಡಾಯ ಮಾಡಿತ್ತು. ಇಂಥ ಕಡೆ 'ಇದರಿಂದ ಲಾಭ ಇದೆಯಾ' ಎಂಬ ಚರ್ಚೆಗೇ ಜಾಗ ಇಲ್ಲ. ಸರ್ಟಿಫಿಕೇಟ್ ಇಲ್ಲದೆ ಆ ಹುದ್ದೆಯಲ್ಲಿ ಉಳಿಯುವಂತಿರಲಿಲ್ಲ. 2023ರಲ್ಲಿ ಬಂದ ಹೊಸ ಕೈಪಿಡಿ ಸ್ವಲ್ಪ ಸಡಿಲ ಮಾಡಿ, ಶಿಕ್ಷಣ ಅಥವಾ ತರಬೇತಿಯ ಮೂಲಕವೂ ಅರ್ಹತೆ ಪಡೆಯಬಹುದು ಎಂದಿತು. ಜೊತೆಗೆ, ಕೆಲಸದ ಜಾಗದಲ್ಲೇ ಸಾಮರ್ಥ್ಯ ತೋರಿಸಬೇಕು ಎಂದೂ ಸೇರಿಸಿತು. ಬರೀ ಪರೀಕ್ಷೆ ಸಾಲದು ಎಂಬ ಅರಿವು ನಿಯಮ ಬರೆಯುವವರಿಗೂ ಬಂದಿದೆ ಎಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯವರು ನಿಮ್ಮ ಕೆಲಸವನ್ನೇ ನೋಡಬಲ್ಲವರು. ಇಂಟರ್‌ವ್ಯೂನಲ್ಲಿ ಎದುರು ಕೂತ ಹಿರಿಯ ಪ್ರೋಗ್ರಾಮರ್, ನಿಮ್ಮ ಕೋಡ್ ರಿವ್ಯೂ ಮಾಡುವ ಸಹೋದ್ಯೋಗಿ, ಅಪ್ರೈಸಲ್ ಬರೆಯುವ ಟೀಮ್ ಲೀಡ್. ಇವರ ಕೈಯಲ್ಲಿ ನೇರ ಸಾಕ್ಷಿ ಇದೆ. ರಾತ್ರಿ ಸಿಸ್ಟಮ್ ಬಿದ್ದಾಗ ಯಾರು ಕಾರಣ ಹುಡುಕಿದರು, ಯಾರ ಡಿಸೈನ್ ಎರಡು ವರ್ಷ ಆದಮೇಲೂ ನಿಂತಿದೆ, ಹೊಸಬರಿಗೆ ಯಾರು ಕಲಿಸಿಕೊಟ್ಟರು ಎಂದು ಗೊತ್ತಿದೆ. ನೇರ ಸಾಕ್ಷಿ ಇದ್ದಾಗ ಪರೋಕ್ಷ ಗುರುತು ಯಾರಿಗೂ ಬೇಕಾಗುವುದಿಲ್ಲ. ಒಂದೇ ಕಂಪನಿಯಲ್ಲಿ ಇದ್ದುಕೊಂಡು ಸರ್ಟಿಫಿಕೇಟ್ ಮೇಲೆ ಸರ್ಟಿಫಿಕೇಟ್ ಮಾಡಿದರೂ ಪ್ರಮೋಷನ್ ಬರಲಿಲ್ಲ ಎಂದು ಬೇಸರಪಡುವವರ ಸಮಸ್ಯೆ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಅವರ ಶ್ರಮದಲ್ಲಿ ಕೊರತೆ ಇಲ್ಲ. ಆ ಶ್ರಮ ನಿರ್ಧಾರ ಮಾಡುವವರ ಕಣ್ಣಿಗೆ ಬೀಳುವ ಕಡೆ ಹೋಗಿಲ್ಲ, ಅಷ್ಟೇ.

ಸಂಬಳದ ಸಮೀಕ್ಷೆಗಳನ್ನು ಎಚ್ಚರದಿಂದ ಓದಿ

ಸರ್ಟಿಫಿಕೇಶನ್ ಇದ್ದವರ ಸರಾಸರಿ ಸಂಬಳ ಇಷ್ಟು ಜಾಸ್ತಿ ಎನ್ನುವ ವರದಿಗಳು ಪ್ರತಿವರ್ಷ ಬರುತ್ತವೆ. ಅಂಕಿಗಳು ಸುಳ್ಳಾಗಿರಬೇಕಿಲ್ಲ, ಆದರೆ ಅವುಗಳಿಂದ ನಾವು ತೆಗೆಯುವ ಅರ್ಥ ತಪ್ಪಾಗಬಹುದು. ಸಿಐಎಸ್‌ಎಸ್‌ಪಿಯನ್ನೇ ನೋಡಿ. ಅದು ಪೂರ್ತಿ ಕೈಗೆ ಬರಬೇಕಾದರೆ ಪರೀಕ್ಷೆಯ ಜೊತೆ ಸಾಮಾನ್ಯವಾಗಿ ಐದು ವರ್ಷದ ಅನುಭವ ಇರಬೇಕು. ಅದು ಇರುವವರಿಗೆ ಸಂಬಳ ಜಾಸ್ತಿ ಎಂದರೆ, ಆ ಹೆಚ್ಚಳ ಐದು ವರ್ಷದ ಅನುಭವದ್ದೋ, ಪರೀಕ್ಷೆಯದ್ದೋ? ಸರಾಸರಿಯೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ತಾವಾಗಿಯೇ ಓದುವ ಉತ್ಸಾಹ ಇರುವವರು ಪರೀಕ್ಷೆ ಬರೆಯುವುದು ಜಾಸ್ತಿ, ಅಂಥವರು ಪರೀಕ್ಷೆ ಬರೆಯದಿದ್ದರೂ ಮುಂದೆ ಬರುವ ಸಾಧ್ಯತೆ ಇರುತ್ತದೆ. ಇನ್ನು, ಇಂಥ ಸಮೀಕ್ಷೆಗಳಲ್ಲಿ ಹಲವನ್ನು ಮಾಡಿಸುವುದು ತರಬೇತಿ ಮಾರುವ ಕಂಪನಿಗಳೇ. ಯಾರು ಕೇಳಿದರು, ಯಾರು ಉತ್ತರ ಕೊಟ್ಟರು ಎಂದು ಮೊದಲು ನೋಡಿ, ಆಮೇಲೆ ಅಂಕಿ ನೋಡಿ.

ಪರೀಕ್ಷೆಯೇ ವ್ಯರ್ಥ ಅನ್ನುವುದೂ ಸರಿಯಲ್ಲ

ವಿರೋಧಿಗಳು ಹೇಳುವುದು ಹೀಗೆ. ಒಳ್ಳೆಯ ಪ್ರೋಗ್ರಾಮರ್‌ಗೆ ಕಾಗದ ಬೇಕಿಲ್ಲ, ಅವರ ಕೋಡ್ ಮಾತಾಡುತ್ತದೆ. ಅದೇ ಸಮಯವನ್ನು ಒಂದು ಪ್ರಾಜೆಕ್ಟ್ ಕಟ್ಟಲು, ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್‌ನಲ್ಲಿ ಪಾಲ್ಗೊಳ್ಳಲು ಬಳಸಿದರೆ ಹೆಚ್ಚು ಕಲಿಯಬಹುದು. ಈ ವಾದದಲ್ಲಿ ತೂಕ ಇದೆ. ಆದರೆ ಎರಡು ವಿಷಯಗಳನ್ನು ಅದು ಬಿಟ್ಟುಬಿಡುತ್ತದೆ.

ಒಂದು, ನೇಮಕದಲ್ಲಿ ಯಾವ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಅವರ ಜೊತೆಗಾರರು ಹಿಂದಿನ ದಶಕಗಳ ಸಂಶೋಧನೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇಟ್ಟು ಮಾಡುವ ಇಂಟರ್‌ವ್ಯೂ ಮೊದಲ ಸ್ಥಾನದಲ್ಲಿತ್ತು. ಅದರ ಹಿಂದೆಯೇ ಇದ್ದದ್ದು ಕೆಲಸಕ್ಕೆ ಸಂಬಂಧಿಸಿದ ಜ್ಞಾನದ ಪರೀಕ್ಷೆ. ಅಂದರೆ, ಕೆಲಸಕ್ಕೆ ಹೊಂದುವ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ನಡೆಸಿದರೆ ಅದು ಮುಂದಿನ ಕೆಲಸದ ಬಗ್ಗೆ ನಿಜವಾಗಿ ಏನೋ ಹೇಳುತ್ತದೆ. ಆ ಎರಡು ಷರತ್ತುಗಳು ಬಹಳ ಮುಖ್ಯ. ಮೂರು ವರ್ಷದ ಹಿಂದೆ, ಬೇರೆ ಉತ್ಪನ್ನದ ಮೇಲೆ ಬರೆದ, ಡಂಪ್ಸ್ ಹರಿದಾಡುತ್ತಿದ್ದ ಪರೀಕ್ಷೆಗೆ ಈ ಸಂಶೋಧನೆಯ ಬೆಂಬಲ ಸಿಗುವುದಿಲ್ಲ.

ಎರಡು, 'ಕೋಡ್ ಮಾತಾಡುತ್ತದೆ' ಅನ್ನುವುದು ಕೋಡ್ ತೋರಿಸಬಲ್ಲವರ ಮಾತು. ಹೆಚ್ಚಿನ ಪ್ರೋಗ್ರಾಮರ್‌ಗಳ ಕೋಡ್ ಅವರ ಕಂಪನಿಯ ಆಸ್ತಿ, ಹೊರಗೆ ತೋರಿಸುವಂತಿಲ್ಲ. ಕೆಲಸ ಮುಗಿಸಿ ಮನೆಯಲ್ಲಿ ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರಿಗೆ ಓಪನ್ ಸೋರ್ಸ್‌ಗೆ ಸಮಯ ಸಿಗುವುದಿಲ್ಲ. ಅಂಥವರಿಗೆ ಒಂದು ನಿಗದಿತ ಸಿಲಬಸ್, ಒಂದು ದಿನಾಂಕ, ಒಂದು ಪರೀಕ್ಷೆ ಹೆಚ್ಚು ಕೈಗೆಟುಕುತ್ತದೆ.

ಡಿಗ್ರಿ ಕೈಬಿಟ್ಟ ಕಂಪನಿಗಳ ಕತೆಯೂ ಇಲ್ಲಿ ಬರುತ್ತದೆ. 2020ರಲ್ಲಿ ಗೂಗಲ್, ತನ್ನ ಆನ್‌ಲೈನ್ ಕೋರ್ಸ್‌ಗಳಿಗೆ ಕೊಡುವ ಕೆರಿಯರ್ ಸರ್ಟಿಫಿಕೇಟ್‌ಗಳನ್ನು ತನ್ನ ನೇಮಕದಲ್ಲಿ ಆಯಾ ಹುದ್ದೆಗಳ ಮಟ್ಟಿಗೆ ನಾಲ್ಕು ವರ್ಷದ ಡಿಗ್ರಿಗೆ ಸಮ ಎಂದು ನೋಡುವುದಾಗಿ ಹೇಳಿತ್ತು. ಬೇರೆ ದೊಡ್ಡ ಕಂಪನಿಗಳೂ ಜಾಹೀರಾತಿನಿಂದ ಡಿಗ್ರಿಯ ಷರತ್ತು ತೆಗೆದವು. ಆದರೆ ಉದ್ಯೋಗ ಮಾರುಕಟ್ಟೆಯನ್ನು ಅಧ್ಯಯನ ಮಾಡುವ ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ ಮತ್ತು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2024ರಲ್ಲಿ ಅಮೆರಿಕದ ನೇಮಕಗಳನ್ನು ಪರಿಶೀಲಿಸಿದಾಗ, ಈ ಬದಲಾವಣೆಯಿಂದ ಹೊಸ ಅವಕಾಶ ಸಿಕ್ಕಿದ್ದು 700 ನೇಮಕಗಳಲ್ಲಿ ಒಂದಕ್ಕೂ ಕಡಿಮೆ ಎಂದು ಕಂಡಿತು. ಜಾಹೀರಾತಿನ ಸಾಲು ಬದಲಾಯಿತು, ಆರಿಸುವವರ ಅಭ್ಯಾಸ ಬದಲಾಗಲಿಲ್ಲ. ಹೊಸ ಸರ್ಟಿಫಿಕೇಟ್‌ಗಳ ಘೋಷಣೆ ಕೇಳಿದಾಗ ಈ ಅಂಕಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದುವುದು ಒಳ್ಳೆಯದು.

ಎಐ ಎರಡು ಕಡೆಗೂ ಎಳೆಯುತ್ತಿದೆ

2023ರ ಮಾರ್ಚ್‌ನಲ್ಲಿ ಜಿಪಿಟಿ-4 ಎಂಬ ಎಐ ಬಂದಾಗ, ವಕೀಲರ ಅರ್ಹತಾ ಪರೀಕ್ಷೆಯ ಮಾದರಿಯಲ್ಲೂ ಅದು ಪಾಸಾಗಿದೆ ಎಂದು ಓಪನ್‌ಎಐ ತಿಳಿಸಿತು. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದನ್ನು ಆರಿಸುವ ಪರೀಕ್ಷೆ ಯಂತ್ರಕ್ಕೆ ಕಷ್ಟವಲ್ಲ. ಯಾವ ಸೇವೆಗೆ ಯಾವ ಸೆಟ್ಟಿಂಗ್, ಯಾವ ಕಮಾಂಡ್‌ಗೆ ಯಾವ ಆಪ್ಷನ್ ಎಂಬುದನ್ನು ನೆನಪಿಡುವ ಶಕ್ತಿಗೆ ಮೊದಲಿದ್ದ ಬೆಲೆ ಕಡಿಮೆಯಾಗುತ್ತಿದೆ, ಕೇಳಿದರೆ ಕ್ಷಣದಲ್ಲಿ ಸಿಗುತ್ತದೆ. ನೆನಪನ್ನೇ ಅಳೆಯುವ ಆರಂಭದ ಹಂತದ ಸರ್ಟಿಫಿಕೇಟ್‌ಗಳಿಗೆ ಇದರಿಂದ ಪೆಟ್ಟು ಬೀಳುತ್ತದೆ.

ಇದೇ ಎಐ ಇನ್ನೊಂದು ಕಡೆಯಿಂದ ಸರ್ಟಿಫಿಕೇಶನ್‌ನ ಬೇಡಿಕೆ ಹೆಚ್ಚಿಸುವ ಸಾಧ್ಯತೆಯೂ ಇದೆ. ಎಲ್ಲರ ರೆಸ್ಯೂಮೆಯೂ ಈಗ ಚೆಂದವಾಗಿರುತ್ತದೆ. ಮನೆಗೆ ಕೊಟ್ಟು ಕಳಿಸುವ ಕೋಡಿಂಗ್ ಕೆಲಸವನ್ನು ಯಾರು ಮಾಡಿದರು ಎಂದು ಹೇಳಲಾಗುವುದಿಲ್ಲ. ಗಿಟ್‌ಹಬ್‌ನ ಪ್ರಾಜೆಕ್ಟ್ ಪೂರ್ತಿ ಎಐ ಬರೆದದ್ದಾಗಿರಬಹುದು. ಕೋಡ್‌ನಿಂದಲೇ ಅಳೆಯುತ್ತೇವೆ ಎನ್ನುತ್ತಿದ್ದವರ ಅಳತೆಗೋಲೇ ಸಡಿಲವಾಗಿದೆ. ಹೀಗಾದಾಗ, ಗುರುತು ಪರೀಕ್ಷಿಸಿ, ನಿಗಾ ಇಟ್ಟು, ಕೈಯಿಂದಲೇ ಕೆಲಸ ಮಾಡಿಸುವ ಪರೀಕ್ಷೆಯ ಫಲಿತಾಂಶಕ್ಕೆ ತೂಕ ಬರುತ್ತದೆ. ಆದ್ದರಿಂದ ಮುಂದಿನ ವರ್ಷಗಳಲ್ಲಿ ಸುಲಭದ ಬ್ಯಾಡ್ಜ್‌ಗಳೂ ಕಷ್ಟದ ಲ್ಯಾಬ್ ಪರೀಕ್ಷೆಗಳೂ ಒಂದರಿಂದೊಂದು ದೂರ ಸರಿಯುತ್ತವೆ ಎಂದು ನಾನು ಎಣಿಸುತ್ತೇನೆ. ಎರಡನ್ನೂ 'ಸರ್ಟಿಫಿಕೇಶನ್' ಎಂದು ಒಂದೇ ಚೀಲಕ್ಕೆ ಹಾಕಿ ಮಾತಾಡುವುದು ಇನ್ನು ಮುಂದೆ ಸಾಗಲಿಕ್ಕಿಲ್ಲ.

ಎಐ ಹೆಸರಿನ ಸರ್ಟಿಫಿಕೇಟ್‌ಗಳಿಗೆ ಇನ್ನೊಂದು ತೊಡಕೂ ಇದೆ. ಎಐ ಜೊತೆ ಕೆಲಸ ಮಾಡುವ ರೀತಿಯೇ ತಿಂಗಳು ತಿಂಗಳಿಗೆ ಬದಲಾಗುತ್ತಿದೆ. ಯಾವುದನ್ನು ಒಳ್ಳೆಯ ಅಭ್ಯಾಸ ಅನ್ನಬೇಕು ಎಂಬ ಒಮ್ಮತವೇ ಬಂದಿಲ್ಲ. ಒಮ್ಮತ ಇಲ್ಲದ ಕಡೆ ಪರೀಕ್ಷೆ ಬರೆಸಿದರೆ, ಅದು ಆ ಕಂಪನಿಯ ಉಪಕರಣ ಬಳಸಲು ಬರುತ್ತದೆ ಎಂಬುದಕ್ಕಿಂತ ಹೆಚ್ಚು ಹೇಳುವುದು ಕಷ್ಟ.

ಯಾರು ಮಾಡಬೇಕು, ಯಾವಾಗ

ಮೊದಲ ಕೆಲಸ ಹುಡುಕುವವರು ಒಂದು ಒಳ್ಳೆಯ ಸರ್ಟಿಫಿಕೇಶನ್ ಮಾಡಬಹುದು, ಜೊತೆಗೆ ಅದೇ ವಿಷಯದಲ್ಲಿ ಕಟ್ಟಿದ ಒಂದು ಪ್ರಾಜೆಕ್ಟ್ ಇರಬೇಕು. ಸರ್ಟಿಫಿಕೇಟ್ ಇಂಟರ್‌ವ್ಯೂವರೆಗೆ ಕರೆದೊಯ್ದರೆ, ಒಳಗೆ ಮಾತಾಡಲು ಆ ಪ್ರಾಜೆಕ್ಟ್ ಬೇಕಾಗುತ್ತದೆ. ಸುಮ್ನೆ ಐದಾರು ಆರಂಭಿಕ ಬ್ಯಾಡ್ಜ್‌ಗಳನ್ನು ಸೇರಿಸಿಟ್ಟರೆ ಹೆಚ್ಚೇನೂ ಆಗುವುದಿಲ್ಲ. ಟೆಸ್ಟಿಂಗ್‌ನಿಂದ ಕ್ಲೌಡ್‌ಗೋ, ಅಪ್ಲಿಕೇಶನ್‌ನಿಂದ ಸೆಕ್ಯುರಿಟಿಗೋ ಹೋಗಬೇಕು ಅನ್ನುವವರಿಗೆ ಇದರಿಂದ ಅತಿ ಹೆಚ್ಚು ಲಾಭ. ಹಳೆಯ ಅನುಭವ ಅವರ ಹೊಸ ಗುರಿಯ ಬಗ್ಗೆ ಏನೂ ಹೇಳುವುದಿಲ್ಲ, ಆ ಕೊರತೆಯನ್ನು ಪರೀಕ್ಷೆ ತುಂಬಿಕೊಡುತ್ತದೆ.

ಹತ್ತು ವರ್ಷ ಒಂದೇ ಕ್ಷೇತ್ರದಲ್ಲಿ ಬೆಳೆದವರು ಪ್ರಮೋಷನ್‌ಗಾಗಿ ಮಾಡುವ ಮುಂಚೆ ಒಂದು ಕೆಲಸ ಮಾಡಲಿ. ತಮ್ಮ ಮ್ಯಾನೇಜರ್ ಹತ್ತಿರ ಕೂತು, ಮುಂದಿನ ಹಂತಕ್ಕೆ ಏರಿದವರ ವಿಷಯದಲ್ಲಿ ಏನನ್ನು ನೋಡಿ ನಿರ್ಧಾರ ಮಾಡಿದಿರಿ ಎಂದು ನೇರವಾಗಿ ಕೇಳಲಿ. ಉತ್ತರದಲ್ಲಿ ಸರ್ಟಿಫಿಕೇಶನ್‌ನ ಹೆಸರು ಬಂದರೆ ಮಾಡಲಿ. ಬರದಿದ್ದರೆ ಆ ತಿಂಗಳುಗಳನ್ನು ಉತ್ತರದಲ್ಲಿ ಬಂದ ವಿಷಯಕ್ಕೆ ಕೊಡಲಿ. ಕಲಿಯುವ ಆಸೆಯಿಂದ ಓದುವುದಾದರೆ ಈ ಲೆಕ್ಕ ಬೇಕಿಲ್ಲ. ಸಿಲಬಸ್ ಹಿಡಿದು ಓದಿದರೆ, ದಿನದ ಕೆಲಸದಲ್ಲಿ ಎದುರಾಗದ ಮೂಲೆಗಳೂ ಪರಿಚಯವಾಗುತ್ತವೆ.

ಮುಗಿಯದ ಖರ್ಚು

ಒಂದು ಸಲ ಪಾಸಾದರೆ ಮುಗಿಯಿತು ಎಂಬ ಕಾಲ ಹೋಗಿದೆ. ಎಡಬ್ಲ್ಯುಎಸ್ ಸರ್ಟಿಫಿಕೇಟ್ ಮೂರು ವರ್ಷ ಬಾಳುತ್ತದೆ. ಸಿಕೆಎ 36 ತಿಂಗಳು ಇದ್ದದ್ದು, 2024ರ ಏಪ್ರಿಲ್‌ನಿಂದ ಪಾಸಾದವರಿಗೆ 24 ತಿಂಗಳಿಗೆ ಇಳಿದಿದೆ. ಮೈಕ್ರೋಸಾಫ್ಟ್‌ನ ಹುದ್ದೆವಾರು ಸರ್ಟಿಫಿಕೇಟ್‌ಗಳಿಗೆ ಒಂದೇ ವರ್ಷ, ಆದರೆ ಅಲ್ಲಿ ನವೀಕರಣ ಉಚಿತ, ಮನೆಯಲ್ಲೇ ಬರೆಯಬಹುದು. ತಂತ್ರಜ್ಞಾನ ಬದಲಾಗುವುದರಿಂದ ಅವಧಿ ಇಡುವುದು ನ್ಯಾಯವೇ. ಆದರೆ ನಾಲ್ಕೈದು ಸರ್ಟಿಫಿಕೇಟ್ ಇದ್ದವರು ಹೆಚ್ಚುಕಡಿಮೆ ಪ್ರತಿವರ್ಷ ಯಾವುದೋ ಒಂದಕ್ಕೆ ಮತ್ತೆ ಓದುತ್ತಲೇ ಇರಬೇಕಾಗುತ್ತದೆ. ಈ ಹೊರೆ ಯಾರ ಮೇಲೆ ಬೀಳಬೇಕು ಎಂಬುದನ್ನು ಕಂಪನಿಗಳು ಸ್ಪಷ್ಟವಾಗಿ ಹೇಳುವುದು ಅಪರೂಪ.

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರ ಕಷ್ಟವೇನಲ್ಲ. ಪಾರ್ಟ್ನರ್ ದರ್ಜೆಗೋ ಟೆಂಡರ್‌ಗೋ ಸರ್ಟಿಫಿಕೇಶನ್ ಬೇಕಾಗಿದ್ದರೆ ಅದರ ಲಾಭ ಹೋಗುವುದು ಕಂಪನಿಗೆ. ಹಾಗಾದಾಗ ಪರೀಕ್ಷೆಯ ಶುಲ್ಕವನ್ನು ಕಂಪನಿ ಕೊಡಬೇಕು, ಓದಲು ಕೆಲಸದ ಅವಧಿಯಲ್ಲೇ ಸಮಯ ಕೊಡಬೇಕು, ಒಂದು ಸಲ ಫೇಲಾದರೆ ಅಪ್ರೈಸಲ್‌ನಲ್ಲಿ ಕಡಿತ ಮಾಡಬಾರದು. ವರ್ಷದ ಗುರಿಯಲ್ಲಿ ಸರ್ಟಿಫಿಕೇಶನ್ ಬರೆಸುವ ಮ್ಯಾನೇಜರ್ ಹತ್ತಿರ ಈ ಮೂರನ್ನೂ ಕೇಳಿ, ಬರವಣಿಗೆಯಲ್ಲಿ ಪಡೆದುಕೊಂಡ ಮೇಲೆ ಒಪ್ಪಿಕೊಳ್ಳುವುದು ನೌಕರರ ಹಕ್ಕು.